ಪದವಿ ಸಮ, ನೆರವು ಯಾಕಿಲ್ಲ?

ನನ್ನ ಜತೆ ಪಿಯುಸಿ ಓದಿದ ತಲ್ಲೂರಿನ ಗೆಳತಿ ಈಗ ಹಗಲಿಡೀ ಕುಂದಾಪುರದ ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ, ರಾತ್ರಿ ಮೊಬೈಲ್‌ನಲ್ಲಿ ಬಿ.ಕಾಂ. ಪಾಠ ಕೇಳುತ್ತಾಳೆ. ಪಿಯುಸಿಯಲ್ಲಿ ಅವಳಿಗೆ ನನಗಿಂತ ಹೆಚ್ಚು ಅಂಕ ಬಂದಿತ್ತು. ಅಪ್ಪ ಹಾಸಿಗೆ ಹಿಡಿದ ಮೇಲೆ ಮನೆ ನಡೆಸುವ ಹೊಣೆ ಅವಳದಾಯಿತು.

ಮಾನ್ಯತೆ ಪಡೆದ ವಿಶ್ವವಿದ್ಯಾಲಯಗಳ ಆನ್‌ಲೈನ್ ಹಾಗೂ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ 2022ರಲ್ಲೇ ಸ್ಪಷ್ಟಪಡಿಸಿದೆ. ಆದರೆ ಒಳ್ಳೆಯ ಅಂಕ ಪಡೆದ, ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಪದವಿ ಹಂತದಲ್ಲಿ ವರ್ಷಕ್ಕೆ 12,000 ರೂಪಾಯಿ ಕೊಡುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ರೆಗ್ಯುಲರ್ ಕೋರ್ಸಿನವರಿಗೆ ಮಾತ್ರ. ಅಂಚೆ ತೆರಪಿನ, ದೂರಶಿಕ್ಷಣದ ವಿದ್ಯಾರ್ಥಿಗಳು ಅರ್ಜಿಯನ್ನೇ ಹಾಕುವಂತಿಲ್ಲ. ಇದು ಯಾವ ನ್ಯಾಯ?

ನೆರವು ಕೊಟ್ಟರೆ ಹೆಸರಿಗಷ್ಟೇ ಸೇರಿ ಹಣ ಪಡೆಯುವವರು ಹುಟ್ಟಿಕೊಳ್ಳುತ್ತಾರೆ ಎನ್ನುವವರಿದ್ದಾರೆ. ಆ ಭಯ ಸುಳ್ಳಲ್ಲ. ಅದಕ್ಕೆ ದಾರಿಯೂ ಇದೆ. ಸೆಮಿಸ್ಟರ್ ಪಾಸಾದ ಮೇಲೆಯೇ ಆ ಸೆಮಿಸ್ಟರಿನ ಶುಲ್ಕವನ್ನು ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಮರಳಿಸಲಿ. ಓದದವರಿಗೆ ಒಂದು ಪೈಸೆಯೂ ಹೋಗುವುದಿಲ್ಲ. ದುಡಿಯುವವರಿಗೆ ನೆರವೇಕೆ ಎಂದೂ ಕೇಳುತ್ತಾರೆ. ಅವಳ ಸಂಬಳ ಅಪ್ಪನ ಔಷಧಿಗೆ, ಮನೆಯ ಅಕ್ಕಿಗೆ ಮುಗಿಯುತ್ತದೆ.

ಇದರಲ್ಲಿ ನನ್ನ ಸ್ವಾರ್ಥವೇನಿಲ್ಲ. ನಾನು ಓದುವ ಬಿ.ಇ.ಯನ್ನು ಆನ್‌ಲೈನ್‌ನಲ್ಲಿ ಕಲಿಯಲು ಅವಕಾಶವೇ ಇಲ್ಲ. ಆದರೆ ಕಾಲೇಜಿಗೆ ಹೋಗಲಾಗದೆಯೂ ಓದು ಬಿಡದವರನ್ನು ಸರ್ಕಾರ ವಿದ್ಯಾರ್ಥಿಗಳೆಂದೇ ಎಣಿಸಬೇಕು.

ಈ ಸಲದ ಶುಲ್ಕಕ್ಕೆ ಗೆಳತಿ ಕಿವಿಯ ಬೆಂಡೋಲೆಯನ್ನು ಸೊಸೈಟಿಯಲ್ಲಿ ಅಡವಿಟ್ಟಿದ್ದಾಳೆ. ಪಾಸಾದರೆ ಅದನ್ನು ಬಿಡಿಸಿಕೊಳ್ಳಬಹುದು ಎಂಬ ಭರವಸೆಯಾದರೂ ಅವಳಿಗೆ ಸಿಗಲಿ.