ಪವಿತ್ರಯುದ್ಧವೂ ಧರ್ಮದ ಪುನರುಜ್ಜೀವನವೂ

ಯುದ್ಧದಲ್ಲಿ ಪ್ರಾಣ ಬಿಟ್ಟವನ ಪಾಪವೆಲ್ಲ ತೊಳೆದುಹೋಗುತ್ತದೆಂದು ಒಬ್ಬ ಧರ್ಮಗುರು ಹೇಳಿದನೆಂದರೆ, ಅದು ಯಾವುದೋ ಪುರಾತನ ಕಾಲದ ಮಾತಿರಬೇಕೆಂದು ವಾಚಕರು ಭಾವಿಸಬಹುದು. ಹಾಗಲ್ಲ. 2022ರ ಸೆಪ್ಟೆಂಬರ್ 21ರಂದು ರಷ್ಯದ ಸರ್ಕಾರ ಉಕ್ರೇನಿನ ಯುದ್ಧಕ್ಕಾಗಿ 3 ಲಕ್ಷ ಮಂದಿ ಮೀಸಲು ಸೈನಿಕರನ್ನು ಕರೆಸಿಕೊಳ್ಳುವುದಾಗಿ ಸಾರಿತು. ನಾಲ್ಕೇ ದಿನಗಳ ತರುವಾಯ ರಷ್ಯದ ಆರ್ಥೊಡಾಕ್ಸ್ ಚರ್ಚಿನ ಮಹಾಧರ್ಮಾಧ್ಯಕ್ಷ ಕಿರಿಲ್ ಅವರು, ಸೈನಿಕ ಕರ್ತವ್ಯದಲ್ಲಿ ಮಡಿದವನ ಬಲಿದಾನವು ಅವನ ಪಾಪಗಳನ್ನೆಲ್ಲ ತೊಳೆಯುತ್ತದೆಂದು ಬೋಧಿಸಿದರು. 2024ರ ಮಾರ್ಚ್ ತಿಂಗಳಲ್ಲಿ, ಅವರೇ ಮುಖ್ಯಸ್ಥರಾಗಿರುವ ವಿಶ್ವ ರಷ್ಯನ್ ಜನಪರಿಷತ್ತು ಈ ಯುದ್ಧವನ್ನು 'ಪವಿತ್ರಯುದ್ಧ'ವೆಂದೇ ಘೋಷಿಸಿತು. ಎದುರು ಪಕ್ಷದಲ್ಲಿರುವ ಉಕ್ರೇನಿನ ಜನರಲ್ಲಿ ಬಹುಪಾಲು ಮಂದಿ ಅದೇ ಆರ್ಥೊಡಾಕ್ಸ್ ಸಂಪ್ರದಾಯದ ಕ್ರೈಸ್ತರು! ಒಂದೇ ಶಿಲುಬೆಗೆ ಕೈಮುಗಿಯುವವರು ಒಬ್ಬರನ್ನೊಬ್ಬರು ಕೊಲ್ಲುವ ಕೆಲಸಕ್ಕೆ ಪವಿತ್ರತೆಯ ಮೊಹರು ಬಿದ್ದಿತು.

ಸೋವಿಯತ್ ಆಡಳಿತದಲ್ಲಿ ಚರ್ಚುಗಳನ್ನು ಮುಚ್ಚಿ, ಪಾದ್ರಿಗಳನ್ನು ಸೆರೆಗೆ ತಳ್ಳಿ, ಅನೇಕರನ್ನು ಕೊಂದುದು ನಿಜ. ಅದು ಅನ್ಯಾಯವೇ ಸರಿ. 1991ರ ತರುವಾಯ ಮುಚ್ಚಿದ ಬಾಗಿಲುಗಳು ತೆರೆದುವು, ಹೊಸ ಚರ್ಚುಗಳೂ ಎದ್ದುವು. ಇದನ್ನು ಕ್ರೈಸ್ತಧರ್ಮದ ಪುನರುಜ್ಜೀವನವೆಂದು ಕೊಂಡಾಡಿದರು. ಜನರಿಗೆ ತಮ್ಮ ದೇವರನ್ನು ಪ್ರಾರ್ಥಿಸುವ ಸ್ವಾತಂತ್ರ್ಯ ಮರಳಿ ಬಂದುದಕ್ಕೆ ಯಾರೂ ದುಃಖಿಸಬೇಕಾಗಿಲ್ಲ. ಆದರೆ 2020ರಲ್ಲಿ ಮಾಸ್ಕೋ ನಗರದ ಸಮೀಪ ಸೈನ್ಯದ ಹೆಸರಿನಲ್ಲಿಯೇ ಒಂದು ಬೃಹತ್ ಚರ್ಚನ್ನು ಕಟ್ಟಿ, ಹಿಂದಿನ ಮಹಾಯುದ್ಧದಲ್ಲಿ ಜರ್ಮನರಿಂದ ವಶಪಡಿಸಿಕೊಂಡ ಆಯುಧಗಳ ಲೋಹವನ್ನು ಕರಗಿಸಿ ಅದರ ಮೆಟ್ಟಿಲುಗಳಿಗೆ ಬಳಸಿದಾಗ, ಪುನರುಜ್ಜೀವನಗೊಂಡದ್ದು ಕ್ರಿಸ್ತನ ಧರ್ಮವೋ ಅಥವಾ ಪ್ರಭುತ್ವದ ಪ್ರತಾಪವೋ ಎಂದು ಕೇಳಲೇಬೇಕಾಗುತ್ತದೆ.

ಪಾಪಪರಿಹಾರದ ಆಸೆ ತೋರಿಸಿ ಸೈನ್ಯ ಕೂಡಿಸುವ ಈ ಉಪಾಯ ಹೊಸದಲ್ಲ. 1095ರ ನವೆಂಬರಿನಲ್ಲಿ ಫ್ರಾನ್ಸಿನ ಕ್ಲೇರ್ಮೋ ನಗರದಲ್ಲಿ ಎರಡನೆಯ ಅರ್ಬನ್ ಪೋಪರು ಜೆರೂಸಲೇಮನ್ನು ಮುಸಲ್ಮಾನರಿಂದ ಬಿಡಿಸಲು ಕರೆ ಕೊಟ್ಟರು. ಭಕ್ತಿಯಿಂದ ಹೊರಟವರಿಗೆ ಆ ಯಾತ್ರೆಯೇ ಸಕಲ ಪ್ರಾಯಶ್ಚಿತ್ತವೆಂದು ಅಲ್ಲಿ ನಿರ್ಣಯವಾಯಿತು. ಸರದಾರರ ಸೈನ್ಯ ಸಿದ್ಧವಾಗುವ ಮೊದಲೇ ಬಡ ರೈತರೂ ಕೂಲಿಗಳೂ ಹೆಂಡಿರು ಮಕ್ಕಳೊಡನೆ ಹೊರಟುಬಿಟ್ಟರು. ಆ ಗುಂಪಿನ ಬಹುಮಂದಿ 1096ರ ಅಕ್ಟೋಬರಿನಲ್ಲಿ ಇಂದಿನ ತುರ್ಕಿಯ ನೆಲದಲ್ಲಿ ನಾಶವಾದರು. ಅದೇ ವರ್ಷ ಜರ್ಮನಿಯ ರೈನ್ ನದಿಯ ತೀರದ ವರ್ಮ್ಸ್ ಮತ್ತು ಮೈಂಟ್ಸ್ ಪಟ್ಟಣಗಳಲ್ಲಿ ಇನ್ನೊಂದು ಗುಂಪು ನಿರಪರಾಧಿ ಯೆಹೂದ್ಯರನ್ನು ಸಾಮೂಹಿಕವಾಗಿ ಕೊಂದಿತು. ಸ್ಪೈಯರ್ ಪಟ್ಟಣದ ಬಿಷಪ್ಪರು ಮಾತ್ರ ತಮ್ಮ ಊರಿನ ಯೆಹೂದ್ಯರಲ್ಲಿ ಬಹುಮಂದಿಯನ್ನು ಕಾಪಾಡಿದರೆಂಬುದನ್ನು ಹೇಳದಿದ್ದರೆ ಅಪಚಾರವಾದೀತು. 1099ರ ಜುಲೈ 15ರಂದು ಜೆರೂಸಲೇಮ್ ವಶವಾದಾಗ ಮುಸಲ್ಮಾನರ ಮತ್ತು ಯೆಹೂದ್ಯರ ರಕ್ತ ಬೀದಿಯಲ್ಲಿ ಹರಿಯಿತು.

ಇದು ಕೇವಲ ಮತಾಂಧತೆಯ ಕಥೆಯೆಂದು ತಿಳಿದರೆ ಅರ್ಧ ಸತ್ಯವನ್ನು ಮಾತ್ರ ತಿಳಿದಂತೆ. ಉಳಿದರ್ಧ ಲೆಕ್ಕದ ಪುಸ್ತಕದಲ್ಲಿದೆ. ನಾಲ್ಕನೆಯ ಶಿಲುಬೆಯುದ್ಧವನ್ನು ನೋಡಿ. 1201ರಲ್ಲಿ ಯುದ್ಧದ ಮುಖಂಡರು 33,500 ಮಂದಿಯನ್ನೂ 4,500 ಕುದುರೆಗಳನ್ನೂ ಹಡಗಿನಲ್ಲಿ ಸಾಗಿಸಲು ವೆನಿಸ್ ನಗರದೊಡನೆ 85,000 ಮಾರ್ಕು ಬೆಳ್ಳಿಗೆ ಕರಾರು ಮಾಡಿಕೊಂಡರು. ಮಾರನೆಯ ವರ್ಷ ಬಂದು ಸೇರಿದವರು ಸುಮಾರು ಮೂರನೆಯ ಒಂದು ಪಾಲು ಮಾತ್ರ. ಹಡಗುಗಳು ಸಿದ್ಧವಾಗಿದ್ದುವು, 34,000 ಮಾರ್ಕು ಬಾಕಿ ಉಳಿಯಿತು. ಅಂಗಡಿ ನಡೆಸುವ ನಮ್ಮ ವಾಚಕರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಸಾಲಗಾರ ಸಾಲ ಕೊಟ್ಟವನ ಕೈಗೊಂಬೆಯಾದನು. ಬಾಕಿಯ ವಾಯಿದೆಗಾಗಿ ವೆನಿಸಿನವರು ತೋರಿಸಿದ ಝಾರಾ ಪಟ್ಟಣವನ್ನು 1202ರಲ್ಲಿ ಹಿಡಿದುಕೊಟ್ಟರು. ಅದು ಕ್ರೈಸ್ತರ ಊರು. ಪೋಪರು ಬೇಡವೆಂದು ನಿಷೇಧಿಸಿದ್ದರೂ ಕೇಳಲಿಲ್ಲ. 1204ರ ಏಪ್ರಿಲಿನಲ್ಲಿ ಪೂರ್ವದೇಶದ ಕ್ರೈಸ್ತರ ಮಹಾನಗರವಾದ ಕಾನ್‌ಸ್ಟಾಂಟಿನೋಪಲ್ಲನ್ನು ಮೂರು ದಿನ ಸೂರೆ ಮಾಡಿದರು. ಅಲ್ಲಿಂದ ಹೊತ್ತು ತಂದ ನಾಲ್ಕು ಲೋಹದ ಕುದುರೆಗಳು ಇಂದಿಗೂ ವೆನಿಸಿನ ಸಂತ ಮಾರ್ಕನ ಚರ್ಚಿನಲ್ಲಿವೆ. ಜೆರೂಸಲೇಮ್ ಎಲ್ಲಿ, ಕುದುರೆಗಳೆಲ್ಲಿ! ದೇವರ ಹೆಸರಿನಲ್ಲಿ ಹೊರಟ ಯಾತ್ರೆ ಸಾಲ ವಸೂಲಿಯಲ್ಲಿ ಮುಗಿಯಿತು.

ದೂರದ ದೇಶದ ಹಳೆಯ ಮಾತು ನಮಗೇಕೆಂದು ಕೇಳಬೇಡಿ. ಯೂರೋಪಿನ ಕ್ರೈಸ್ತರ ಜಗಳ ನಮ್ಮ ನೆಲದ ಮಗ್ಗದವರೆಗೂ ಬಂದಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಅಲ್ಲಿ ನೇಯ್ಗೆಯ ಕಾರ್ಖಾನೆಯನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದು ಅನೇಕರಿಗೆ ಕೆಲಸ ಕೊಟ್ಟಿದ್ದರು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಜರ್ಮನ್ ಸೈನಿಕನ ಸೊಂಟದ ಪಟ್ಟಿಯ ಮೇಲೆ ದೇವರು ನಮ್ಮ ಕಡೆಗಿದ್ದಾನೆಂದು ಅಚ್ಚೊತ್ತಿತ್ತು. ಇಂಗ್ಲೆಂಡಿನ ಬಿಷಪ್ಪರೂ ದೇವರನ್ನು ತಮ್ಮ ಕಡೆಗೇ ಕರೆದರು. ಬ್ರಿಟಿಷ್ ಸರ್ಕಾರವು ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟು ದೇಶದಿಂದ ಹೊರಗೆ ಕಳುಹಿಸಿತು. ಕಾರ್ಖಾನೆಗಳನ್ನು ವಶಪಡಿಸಿಕೊಂಡು ಕೊನೆಗೆ ಒಂದು ಬ್ರಿಟಿಷ್ ಕಂಪನಿಗೆ ಒಪ್ಪಿಸಿತು. ಯುದ್ಧ ಸಾರಿದವರು ಬರ್ಲಿನ್ನಿನಲ್ಲಿಯೂ ಲಂಡನ್ನಿನಲ್ಲಿಯೂ ಇದ್ದರು. ಯಜಮಾನ ಬದಲಾದುದು ಮಂಗಳೂರಿನ ನೇಕಾರನಿಗೆ. ಅವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಹಾಗಾದರೆ ಧರ್ಮಕ್ಕೆ ಪುನರುಜ್ಜೀವನವೇ ಇಲ್ಲವೆ? ಉಂಟು. ಅದು ಕತ್ತಿಯನ್ನು ಕೆಳಗಿಟ್ಟವರಿಂದ ಬಂದಿದೆ. ಅಸ್ಸಿಸಿಯ ಜವಳಿ ವ್ಯಾಪಾರಿಯ ಮಗನಾದ ಫ್ರಾನ್ಸಿಸ್ ತಂದೆಯ ಐಶ್ವರ್ಯವನ್ನು ಬಿಟ್ಟು ಬಡವನಾಗಿ ಬಾಳಿದನು. 1219ರಲ್ಲಿ ಈಜಿಪ್ಟಿನಲ್ಲಿ ಶಿಲುಬೆಯ ಸೈನ್ಯ ಕಾದಾಡುತ್ತಿದ್ದಾಗ ನಿರಾಯುಧನಾಗಿ ಸುಲ್ತಾನ ಅಲ್-ಕಾಮಿಲನ ಬಿಡಾರಕ್ಕೆ ಹೋದನು. ಸುಲ್ತಾನನು ಅವನ ಮಾತನ್ನು ಕೇಳಿ ಕ್ಷೇಮವಾಗಿ ಹಿಂದಕ್ಕೆ ಕಳುಹಿಸಿದನು. ಆ ಯುದ್ಧದ ಸೇನಾಪತಿಗಳ ಹೆಸರು ಇಂದು ಎಷ್ಟು ಜನಕ್ಕೆ ಗೊತ್ತು?

ನಮ್ಮ ಕಾಲಕ್ಕೆ ಬಂದರೆ, 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಮಹಾಸಭೆಯಲ್ಲಿ ಕ್ಯಾಥೊಲಿಕ್ ಚರ್ಚು ಪ್ರತಿಯೊಬ್ಬನ ಧಾರ್ಮಿಕ ಸ್ವಾತಂತ್ರ್ಯವನ್ನು ಒಪ್ಪಿಕೊಂಡಿತು. ಊರಿಗೆ ಊರನ್ನೇ ನಾಶ ಮಾಡುವ ಯುದ್ಧವನ್ನು ಖಂಡಿಸಿತು. 2001ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಅಥೆನ್ಸಿಗೆ ಹೋಗಿ 1204ರ ಸೂರೆಯ ಬಗ್ಗೆ ದುಃಖ ತೋಡಿಕೊಂಡರು. ಕ್ಯಾಥೊಲಿಕರು ಆರ್ಥೊಡಾಕ್ಸ್ ಸೋದರರಿಗೆ ಮಾಡಿದ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು. ಸುಮಾರು ಎಂಟುನೂರು ವರ್ಷ ತಡವಾದರೂ ತಪ್ಪನ್ನು ತಪ್ಪೆಂದುದು ದೊಡ್ಡ ಮಾತು. ಎಲ್ ಸಾಲ್ವಡಾರ್ ದೇಶದಲ್ಲಿ ಆರ್ಚ್‌ಬಿಷಪ್ ರೊಮೆರೊ ಅವರು ಕೂಲಿಗಳ ಮತ್ತು ಬಡರೈತರ ಪಕ್ಷ ವಹಿಸಿದರು. ಸ್ವಂತ ಜನರನ್ನು ಕೊಲ್ಲುವ ಆಜ್ಞೆಯನ್ನು ಪಾಲಿಸಬೇಡಿರೆಂದು 1980ರ ಮಾರ್ಚ್ 23ರಂದು ಸೈನಿಕರಿಗೆ ಬಹಿರಂಗವಾಗಿ ಹೇಳಿದರು. ಮರುದಿನವೇ ಪೂಜೆ ನಡೆಸುತ್ತಿರುವಾಗ ಅವರನ್ನು ಗುಂಡಿಟ್ಟು ಕೊಂದರು. 2018ರಲ್ಲಿ ಚರ್ಚು ಅವರನ್ನು ಸಂತರೆಂದು ಸಾರಿತು. ಬಡಜನ ಅದಕ್ಕಾಗಿ ಕಾದು ಕುಳಿತಿರಲಿಲ್ಲ.

ರಷ್ಯದಲ್ಲಿಯೂ ಆ ಬೆಳಕು ಪೂರ್ತಿ ಆರಿಲ್ಲ. 2022ರ ಮಾರ್ಚಿನಲ್ಲಿ ಸುಮಾರು 300 ಮಂದಿ ಆರ್ಥೊಡಾಕ್ಸ್ ಪಾದ್ರಿಗಳು ಯುದ್ಧ ನಿಲ್ಲಲೆಂದು ಸಹಿ ಮಾಡಿದರು. ಅಧಿಕೃತ ಪ್ರಾರ್ಥನೆಯಲ್ಲಿದ್ದ 'ವಿಜಯ'ವೆಂಬ ಪದದ ಬದಲಿಗೆ 'ಶಾಂತಿ'ಯೆಂದು ಓದಿದುದಕ್ಕಾಗಿ ಮಾಸ್ಕೋ ನಗರದ ಒಬ್ಬ ಪಾದ್ರಿಯ ಪಾದ್ರಿತನವನ್ನೇ 2023ರಲ್ಲಿ ಕಿತ್ತುಕೊಂಡರು. ಒಂದೇ ಒಂದು ಪದ! ಶಾಂತಿಯ ದೂತನೆಂದು ಕರೆಸಿಕೊಂಡ ಕ್ರಿಸ್ತನ ಮಂದಿರದಲ್ಲಿ ಶಾಂತಿಯೆಂಬ ಪದ ಅಪರಾಧವಾಯಿತೆಂದರೆ, ಅಲ್ಲಿ ಪುನರುಜ್ಜೀವನ ಮಾಡಿದವನು ಪೀಠದ ಮೇಲಿರುವ ಗುರುವಲ್ಲ. ಪೀಠ ಕಳೆದುಕೊಂಡ ಆ ಪಾದ್ರಿಯೇ.

ನಾವು ಯಾರ ಮತಕ್ಕೂ ಶತ್ರುಗಳಲ್ಲ. ಕ್ರೈಸ್ತರನ್ನು ಮಾತ್ರ ಕಟಕಟೆಗೆ ನಿಲ್ಲಿಸುವ ಉದ್ದೇಶವೂ ನಮಗಿಲ್ಲ. ಮತದ ಹೆಸರಿನಲ್ಲಿ ನೆರೆಯವನ ಮೇಲೆ ಕೈ ಎತ್ತಿಸುವವರು ಯಾವ ಮತದಲ್ಲಿಲ್ಲ? ಆದುದರಿಂದ ಮಿಲ್ಲಿನ ಕಾರ್ಮಿಕರಿಗೂ ಸಣ್ಣ ವ್ಯಾಪಾರಿಗಳಿಗೂ ನಾವು ಹೇಳುವುದಿಷ್ಟು. ಯಾವನೇ ಆಗಲಿ ಪವಿತ್ರಯುದ್ಧವೆಂದು ಕೂಗಿ ನಿಮ್ಮ ಬೀದಿಗೆ ಬಂದರೆ ಮೂರು ಪ್ರಶ್ನೆ ಕೇಳಿ. ಸಾಯುವವನು ಯಾರ ಮಗ? ಖರ್ಚು ಯಾರ ಗಂಟಿನಿಂದ? ಗೆದ್ದ ಮೇಲೆ ಕುದುರೆಗಳು ಯಾರ ಮನೆಗೆ? ಈ ಮೂರಕ್ಕೂ ಪ್ರಾಮಾಣಿಕವಾಗಿ ಉತ್ತರ ಕೊಡಲಾರದವನಿಗೆ ದೇವರ ಹೆಸರೆತ್ತುವ ಅಧಿಕಾರವಿಲ್ಲ.