ದೂರದೇಶದ ವಿದ್ಯೆ ಮತ್ತು ಮನೆಯ ಸಂಸ್ಕಾರ



ಹೋದ ವರ್ಷ ಕಾರಹುಣ್ಣಿಮೆಯ ಮರುದಿನ ಆಳಂದ ತಾಲ್ಲೂಕಿನ ಸರಸಂಬಾ ಗ್ರಾಮದ ಸದ್ಭಕ್ತರೊಬ್ಬರ ಮನೆಗೆ ಹೋಗುವ ಪ್ರಸಂಗ ಒದಗಿತು. ಮೂರು ತಲೆಮಾರಿನಿಂದ ನಾನು ಬಲ್ಲ ಮನೆತನವದು. ತೊಗರಿ, ಜೋಳಗಳನ್ನು ನೆಚ್ಚಿ ಬದುಕುವ ಒಕ್ಕಲು ಕುಟುಂಬ. ಆ ಮನೆಯ ಮಗಳು ಬೆಂಗಳೂರಿನ ಕಾಲೇಜೊಂದರಲ್ಲಿ ಓದುತ್ತಿದ್ದು, ವಿದ್ಯಾರ್ಥಿ ವಿನಿಮಯದ ಏರ್ಪಾಟಿನಲ್ಲಿ ಒಂದು ಸೆಮಿಸ್ಟರ್ ಅವಧಿಗೆ ಜರ್ಮನಿಯ ಟ್ಯೂಬಿಂಗೆನ್ ನಗರಕ್ಕೆ ಆಯ್ಕೆಯಾಗಿದ್ದಳು. ಮನೆಯಲ್ಲಿ ಸಂತೋಷಕ್ಕಿಂತ ಚಿಂತೆಯೇ ಹೆಚ್ಚಾಗಿತ್ತು. ತಂದೆಗೆ ಹಣದ ಚಿಂತೆ, ತಾಯಿಗೆ ಊಟದ ಚಿಂತೆ. ಎಂಬತ್ತು ದಾಟಿದ ಆಯಿಯ ಚಿಂತೆಯೇ ಬೇರೆ.

"ಅಯ್ಯನೋರೆ, ಹುಡುಗಿಗಿ ಸಮುದ್ರದಾಚಿ ಕಳಸ್ತಾರಂತ. ಅಲ್ಲಿ ಲಿಂಗಪೂಜಿ ಮಾಡ್ತಾಳೋ ಬಿಡ್ತಾಳೋ ಯಾರು ನೋಡ್ತಾರ? ಧರ್ಮಾನೇ ಬಿಟ್ಟು ಬಂದ್ರ ಏನ್ ಮಾಡ್ಲಿ? ನೀವರ ಬುದ್ಧಿ ಹೇಳ್ರಿ" ಎಂದು ಆ ತಾಯಿ ಕಣ್ಣೊರೆಸಿಕೊಂಡರು.

ಮೊದಲು ಹಣದ ಮಾತನ್ನೇ ಇತ್ಯರ್ಥ ಮಾಡಿದೆವು. ಟ್ಯೂಬಿಂಗೆನ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಶುಲ್ಕವನ್ನು ಗೊತ್ತುಪಡಿಸಿದ್ದಾರೆ. ವಿನಿಮಯ ಒಪ್ಪಂದದ ಮೇಲೆ ಹೋಗುವವರಿಗೆ ಅದರಿಂದ ವಿನಾಯಿತಿಯುಂಟು. ಆದರೆ ಜೀವನವೆಚ್ಚಕ್ಕೆ ಹಣವಿದೆಯೆಂದು ವೀಸಾ ಪಡೆಯುವಾಗಲೇ ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಲೆಕ್ಕದಂತೆ ತಿಂಗಳಿಗೆ 992 ಯೂರೋ. ಆರು ತಿಂಗಳಿಗೆ 5,952 ಯೂರೋ. ನಮ್ಮ ಹಣದಲ್ಲಿ ಐದು ಲಕ್ಷಕ್ಕೂ ಮೀರಿದ ಮೊತ್ತ! ಹೀಗೆ ಖಾತೆಯಲ್ಲಿ ಇರಿಸಿದ ಹಣ ವಿದ್ಯಾರ್ಥಿಯದೇ ಆಗಿದ್ದು, ತಿಂಗಳು ತಿಂಗಳಿಗೆ ಕೈಗೆ ಬರುತ್ತದೆ. ತಂದೆ ಎರಡು ಎಕರೆ ಹೊಲವನ್ನು ಮಾರುವ ಯೋಚನೆಯಲ್ಲಿದ್ದರು. "ಹೊಲ ಮಾರಬೇಡಿ, ಸಾಲದ ಬಡ್ಡಿಯನ್ನು ವಿಚಾರಿಸಿರಿ, ಅಲ್ಲಿ ಓದಿದ ವಿಷಯಗಳ ಅಂಕಗಳನ್ನು ಇಲ್ಲಿಯ ಕಾಲೇಜು ಮಾನ್ಯ ಮಾಡುವುದೆಂದು ಹೊರಡುವ ಮುನ್ನವೇ ಬರಹದಲ್ಲಿ ಪಡೆಯಿರಿ" ಎಂದು ಹೇಳಿದೆ. ಇಂಥ ಅವಕಾಶ ಬಂದ ಪ್ರತಿಯೊಂದು ಕುಟುಂಬಕ್ಕೂ ನನ್ನ ಬಿನ್ನಹ ಇದೇ.

ಆಯಿಯ ಪ್ರಶ್ನೆ ಮಾತ್ರ ಇಷ್ಟು ಸುಲಭವಾಗಿ ಇತ್ಯರ್ಥವಾಗುವಂಥದಲ್ಲ. ಆ ರಾತ್ರಿ ಅವರಿಗೆ ನಾನೊಂದು ಹಳೆಯ ವೃತ್ತಾಂತವನ್ನು ಹೇಳಿದೆ.

ಕನ್ನಡನಾಡಿನ ತರುಣರು ಜರ್ಮನ್ ನುಡಿಯ ನಗರಕ್ಕೆ ಓದಲು ಹೋದದ್ದು ಇಂದು ನಿನ್ನೆಯ ಮಾತಲ್ಲ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಎಂಬ ತರುಣ 1846ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ತೆರಳಿ, ಅಲ್ಲಿಯ ಮಿಷನ್ ಸೆಮಿನರಿಯಲ್ಲಿ ಅಧ್ಯಯನ ಮಾಡಿ, 1851ರಲ್ಲಿ ಪಾದ್ರಿಯಾಗಿ ಮಂಗಳೂರಿಗೆ ಮರಳಿದರು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ 23 ವರ್ಷ ಮೊದಲಿನ ಪ್ರಯಾಣವೆಂದರೆ ಅದರ ಕಷ್ಟವನ್ನು ಊಹಿಸಬಹುದು. ಅವರನ್ನು ಕರೆದೊಯ್ದವರು ಹೆರ್ಮನ್ ಮ್ಯೋಗ್ಲಿಂಗ್. 1843ರಲ್ಲಿ 'ಮಂಗಳೂರ ಸಮಾಚಾರ' ಎಂಬ ಕನ್ನಡದ ಪ್ರಥಮ ಪತ್ರಿಕೆಯನ್ನು ಹೊರಡಿಸಿದ ಮಹನೀಯರು ಇವರೇ.

ಇದನ್ನು ಕೇಳಿದೊಡನೆ ಆಯಿ, "ನೋಡ್ರಿ, ನಾ ಹೇಳಿದ್ದು ಖರೇ ಆಯ್ತಲ್ಲ! ಹೋದಾವ ಪಾದ್ರಿ ಆಗಿ ಬಂದ" ಎಂದರು.

ಇಲ್ಲಿಯೇ ನಾವು ನಿಧಾನಿಸಿ ವಿಚಾರಿಸಬೇಕಾದ ಅಂಶವಿದೆ. ಕೌಂಡಿನ್ಯರು ಕ್ರೈಸ್ತಧರ್ಮವನ್ನು ಸ್ವೀಕರಿಸಿದ್ದು ಬಾಸೆಲ್ಲಿನಲ್ಲಲ್ಲ. 1844ರಲ್ಲಿ, ಹಡಗು ಹತ್ತುವುದಕ್ಕೆ ಎರಡು ವರ್ಷ ಮೊದಲೇ, ತಮ್ಮ ಹುಟ್ಟೂರಾದ ಮಂಗಳೂರಿನಲ್ಲಿ! ಬಂಧುಬಳಗವೆಲ್ಲ ಸುತ್ತಲೂ ಇರುವಾಗಲೇ ಅದು ನಡೆಯಿತು. ಅಂತರಂಗದ ನಂಬುಗೆ ಅವರವರಿಗೆ ಬಿಟ್ಟದ್ದು. ಅದನ್ನು ನಿಂದಿಸುವ ಅಧಿಕಾರ ನಮಗಿಲ್ಲ. ಆದರೆ ಸಮುದ್ರ ದಾಟಿದ್ದರಿಂದ ಧರ್ಮ ಹೋಯಿತೆಂಬ ಮಾತಿಗೆ ಈ ವೃತ್ತಾಂತ ಆಧಾರವಾಗಲಾರದು. ಮನಸ್ಸು ಬದಲಾಗುವುದಿದ್ದರೆ ಮನೆಯ ಅಂಗಳದಲ್ಲಿಯೂ ಬದಲಾಗುತ್ತದೆ.

ಆಕೆ ಹೊರಟಿದ್ದ ಊರು ಕನ್ನಡಕ್ಕೆ ಪರಕೀಯವೂ ಅಲ್ಲ. ನೆಕ್ಕರ್ ನದಿಯ ದಡದ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ 1477ರಲ್ಲಿ ಸ್ಥಾಪಿತವಾದದ್ದು. ಮ್ಯೋಗ್ಲಿಂಗರು ಓದಿದ್ದು ಅಲ್ಲಿಯೇ. ಅವರು ಈ ನಾಡಿಗೆ ಬಂದು, ಕನ್ನಡ ಗ್ರಂಥಮಾಲೆಯೊಂದನ್ನು ಆರಂಭಿಸಿ, ಅದರಲ್ಲಿ ಬಸವಪುರಾಣವನ್ನೂ ಚೆನ್ನಬಸವಪುರಾಣವನ್ನೂ ಮುದ್ರಿಸಿದರು. ಅವರ ಕನ್ನಡದ ಕೆಲಸಕ್ಕಾಗಿ 1858ರಲ್ಲಿ ಅದೇ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. 1894ರಲ್ಲಿ ಮಹಾನಿಘಂಟನ್ನು ಪ್ರಕಟಿಸಿದ ಫರ್ಡಿನಾಂಡ್ ಕಿಟೆಲ್ಲರಿಗೂ 1896ರಲ್ಲಿ ಅಲ್ಲಿಯ ಗೌರವ ಸಂದಿತು. 1903ರಲ್ಲಿ ಅವರು ದೇಹಬಿಟ್ಟದ್ದೂ ಆ ಊರಿನಲ್ಲಿಯೇ. ಅನ್ಯಧರ್ಮದ ಪ್ರಚಾರಕ್ಕೆಂದು ಬಂದವರು ನಮ್ಮ ಪುರಾಣಗಳನ್ನು ಓದಿದರು, ಅಚ್ಚು ಹಾಕಿಸಿದರು. ಅದರಿಂದ ತಮ್ಮ ಧರ್ಮವನ್ನೇನೂ ಕಳೆದುಕೊಳ್ಳಲಿಲ್ಲ. ಹಾಗಾದರೆ ನಮ್ಮ ಮಗಳು ಅವರ ಶಾಸ್ತ್ರಗಳನ್ನು ಓದಿ ಬಂದರೆ ನಾವೇಕೆ ಅಂಜಬೇಕು?

ಆಯಿ ಮರುಮಾತಾಡಲಿಲ್ಲ. ಅಕ್ಟೋಬರದಲ್ಲಿ ಮಗಳು ಹೊರಟಳು. ಬುತ್ತಿಗೆ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟರು.

ಆರು ತಿಂಗಳ ನಂತರ ಮರಳಿದ ಆಕೆ ನನ್ನನ್ನು ಕಾಣಲು ಬಂದು, ಏನನ್ನೂ ಮುಚ್ಚಿಡದೆ ಹೇಳಿದಳು. ಊಟಕ್ಕೆ ತೊಂದರೆಯಾಗಲಿಲ್ಲವಂತೆ. ವಿದ್ಯಾರ್ಥಿಗಳ ಭೋಜನಶಾಲೆಯಲ್ಲಿ ಸಸ್ಯಾಹಾರ ದೊರೆಯುತ್ತಿತ್ತು. ಕಷ್ಟವಾದದ್ದು ಕತ್ತಲೆ ಮತ್ತು ಏಕಾಂತ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯೋದಯ ಬೆಳಗಿನ ಎಂಟು ಗಂಟೆ ದಾಟಿದ ಮೇಲೆ. ಸಂಜೆ ನಾಲ್ಕೂವರೆಗೆ ಅಸ್ತ. ರವಿವಾರ ಅಂಗಡಿಗಳೆಲ್ಲ ಬಂದ್. ಮಾತಾಡುವವರಿಲ್ಲ. "ಅಜ್ಜಾರೆ, ಮೂರು ವಾರ ನಾನು ಲಿಂಗಪೂಜೆ ಬಿಟ್ಟಿದ್ದೆ. ಯಾರೂ ಬಿಡು ಅಂದಿರಲಿಲ್ಲ. ಹಾಸಿಗೆಯಿಂದ ಏಳಲಿಕ್ಕೇ ಮನಸ್ಸಾಗುತ್ತಿರಲಿಲ್ಲ" ಎಂದು ತಲೆತಗ್ಗಿಸಿದಳು.

ಅಂಥ ಒಂದು ರವಿವಾರ ಜೊತೆಯಲ್ಲಿ ವಾಸವಾಗಿದ್ದ ಜರ್ಮನ್ ಹುಡುಗಿ, ಕೊರಳಲ್ಲಿಯ ಕರಡಿಗೆಯನ್ನು ನೋಡಿ, "ಇದೇನು? ಏಕೆ ಧರಿಸುವೆ?" ಎಂದು ಸಹಜವಾಗಿ ಕೇಳಿದಳಂತೆ. ಹುಟ್ಟಿದಾಗಿನಿಂದ ಧರಿಸಿದವಳಿಗೆ ಉತ್ತರ ಹೊಳೆಯಲಿಲ್ಲ. "ನಮ್ಮ ಮನೆಯಲ್ಲಿ ಎಲ್ಲರೂ ಕಟ್ಟಿಕೊಳ್ಳುತ್ತಾರೆ" ಎಂದಷ್ಟೇ ಹೇಳಿ ನಾಚಿದಳು. ಆ ರಾತ್ರಿ ಸರಸಂಬಾಕ್ಕೆ ಫೋನ್ ಮಾಡಿ ಆಯಿಯನ್ನೇ ಕೇಳಿದಳು.

ಅಕ್ಷರ ಕಲಿಯದ ಆ ತಾಯಿ ಹೇಳಿದ ಉತ್ತರ ಇದು: "ಗುಡ್ಯಾಗಿನ ದೇವ್ರಿಗಿ ಪೂಜಾರಿ ಬಾಗಿಲ ತೆಗಿಬೇಕು ಮಗಳ. ಇದಕ್ಕ ಬಾಗಿಲಿಲ್ಲ, ಕೀಲಿ ಇಲ್ಲ. ನಾ ಹೊಲಕ್ಕ ಹೋದ್ರ ನನ್ನ ಸಂಗಟ ಹೊಲಕ್ಕ ಬಂತು. ನೀ ಅಲ್ಲಿಗಿ ಹೋದ್ರ ನಿನ್ನ ಸಂಗಟ ಅಲ್ಲಿಗಿ ಬಂದದ. ದೊಡ್ಡವರಿಗೊಂದು ಸಣ್ಣವರಿಗೊಂದು ಅಂತ ಇಲ್ಲ, ಎಲ್ಲರ ಅಂಗೈಗೂ ಅಷ್ಟೇ."

ಸಮುದ್ರದಾಚೆ ಲಿಂಗಪೂಜೆಯನ್ನು ಯಾರು ನೋಡುವರೆಂದು ಕಣ್ಣೀರಿಟ್ಟವರು ಇವರೇ! ಮೊಮ್ಮಗಳು ಕೇಳಿದಾಗ ತಮ್ಮ ಪ್ರಶ್ನೆಗೆ ತಾವೇ ಉತ್ತರ ಕೊಟ್ಟುಕೊಂಡರು. ಆ ಮಾತನ್ನು ಆಕೆ ಗೆಳತಿಗೆ ತಿಳಿಸಿ, ಮರುದಿನ ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಪೂಜೆಗೆ ಕುಳಿತಳಂತೆ.

ಇಷ್ಟು ಹೇಳಿ ಆಕೆ, ಹೋಗುವ ಮುನ್ನ, ಒಂದು ಮಾತು ನೆನಪಿಸಿದಳು. "ಅಜ್ಜಾರೆ, ಸಣ್ಣವಳಿದ್ದಾಗ ಇದನ್ನು ನಿಮ್ಮನ್ನೇ ಕೇಳಿದ್ದೆ. ಪ್ರಶ್ನೆ ಮಾಡಬಾರದು, ನಮಸ್ಕಾರ ಮಾಡು ಅಂದಿದ್ದಿರಿ."

ನನಗೆ ನೆನಪಿರಲಿಲ್ಲ. ಆದರೆ ಹೇಳಿರಬೇಕು, ಮಠದಲ್ಲಿ ಓದುವಾಗ ನನಗೂ ಹಾಗೆಯೇ ಹೇಳಿದ್ದರು, ಅದನ್ನೇ ನಾನು ದಾಟಿಸಿದೆ. ನಲವತ್ತು ವರ್ಷ ಶಾಸ್ತ್ರ ಹೇಳಿದವನು ಕೊಡದ ಉತ್ತರವನ್ನು ಆ ಮಗು ಏಳು ಸಾವಿರ ಕಿಲೋಮೀಟರಿನಷ್ಟು ದೂರ ಹೋಗಿ, ಅನ್ಯಧರ್ಮದ ಗೆಳತಿಯ ದೆಸೆಯಿಂದ ಪಡೆಯಬೇಕಾಯಿತು. ಈ ತಪ್ಪನ್ನು ಓದುಗರ ಮುಂದೆ ಒಪ್ಪಿಕೊಳ್ಳುತ್ತೇನೆ.

ಆದುದರಿಂದ ತಂದೆತಾಯಿಗಳೇ, ಮಕ್ಕಳು ಬೆಂಗಳೂರಿಗೆ ಹೋಗಲಿ, ಬರ್ಲಿನ್ನಿಗೆ ಹೋಗಲಿ, ತಡೆಯಬೇಡಿರಿ. ಅವರು ಮನೆಯಲ್ಲಿರುವಾಗಲೇ ಕೇಳಿದ್ದಕ್ಕೆ ಉತ್ತರ ಕೊಡಿರಿ. ಉತ್ತರ ತಿಳಿಯದಿದ್ದರೆ ತಿಳಿಯದೆಂದು ಹೇಳಿ, ಬಲ್ಲವರ ಬಳಿಗೆ ಕರೆದೊಯ್ಯಿರಿ. ಬಲ್ಲವರು ಶಾಸ್ತ್ರಿಗಳೇ ಆಗಬೇಕೆಂದಿಲ್ಲ. ಮನೆಯ ಆಯಿಯೇ ಆಗಿರಬಹುದು.

ಸರ್ವರಿಗೂ ಶುಭವಾಗಲಿ. ಶರಣು.