ಒಂದು ಕುಣಿಕೆಯ ಪಾಠ

ಒಂದು ಕಾಲದಲ್ಲಿ ಊರಿನ ಮನೆಗಳಲ್ಲಿ ಬಾಗಿಲ ತೋರಣವಾಗಿ, ರೇಡಿಯೋದ ಹೊದಿಕೆಯಾಗಿ ಶೋಭಿಸುತ್ತಿದ್ದ ಕ್ರೋಶಾ ಹೆಣಿಗೆಯನ್ನು ಬಲ್ಲ ಹಿರಿಯ ಮಹಿಳೆಯರು ಮಹಾನಗರಗಳ ಕನ್ನಡ ಕುಟುಂಬಗಳಲ್ಲಿ ಇಂದಿಗೂ ಇದ್ದಾರೆ. ಮಗನ ಮನೆಗೋ ಮಗಳ ಮನೆಗೋ ಬಂದು ನೆಲೆಸಿದ ಅವರಿಗೆ ಇಲ್ಲಿ ಎಲ್ಲರೂ ಕಲಿಸುವವರೇ: ಲಿಫ್ಟಿನ ಗುಂಡಿ, ಬಸ್ಸಿನ ಸಂಖ್ಯೆ, ತರಕಾರಿಯವನ ಭಾಷೆ. ಅವರಿಂದ ಕಲಿಯುವವರು ಮಾತ್ರ ವಿರಳ. ವಾರಕ್ಕೆ ಒಂದು ಗಂಟೆಯ ಹೆಣಿಗೆ ತರಗತಿಯನ್ನು ನಡೆಸಿ ಕನ್ನಡ ಸಂಘಗಳು ಈ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ನೀಗಿಸಬೇಕು. ಕಲಿಯುವವರು ಹೆಣ್ಣುಮಕ್ಕಳೇ ಆಗಬೇಕೆಂಬ ನಿಯಮವಿಲ್ಲ. ನಿವೃತ್ತರಾಗಿ ಒಂದೇ ವೃತ್ತಪತ್ರಿಕೆಯನ್ನು ಎರಡೆರಡು ಬಾರಿ ಓದುವ ಗಂಡಸರಿಗೂ ಇದು ತಕ್ಕ ವಿದ್ಯೆ.

ಬೇಕಾದ ಬಂಡವಾಳ ಅಲ್ಪ. ಸುಮಾರು 4 ಮಿಲಿಮೀಟರ್ ದಪ್ಪದ ಒಂದು ಕ್ರೋಶಾ ಕಡ್ಡಿ, ತಿಳಿಬಣ್ಣದ ಒಂದು ಉಂಡೆ ಉಣ್ಣೆಯ ನೂಲು. ಕಪ್ಪು ನೂಲಿನಲ್ಲಿ ಹೊಸಬರ ಕಣ್ಣಿಗೆ ಕುಣಿಕೆ ಕಾಣದು. ಮೊದಲ ದಿನ ಹೂವು, ನಕ್ಷೆಗಳ ಗೊಡವೆ ಬೇಡ. ಕಡ್ಡಿಗೆ ಸಡಿಲವಾದ ಒಂದು ಕುಣಿಕೆಯನ್ನು ಹಾಕಿ, ನೂಲನ್ನು ಕೊಕ್ಕೆಯ ಮೇಲೆ ಬಳಸಿ, ಆ ಕುಣಿಕೆಯ ಮೂಲಕ ಎಳೆದರೆ ಸರಪಳಿಯ ಒಂದು ಕೊಂಡಿಯಾಗುತ್ತದೆ. ಇಂತಹ 16 ಕೊಂಡಿಗಳಾದ ಮೇಲೆ, ಕೊಕ್ಕೆಯಿಂದ ಎರಡನೆಯ ಕೊಂಡಿಯೊಳಗೆ ಕಡ್ಡಿಯನ್ನು ತೂರಿಸಿ ನೂಲನ್ನು ಎಳೆದುಕೊಳ್ಳಬೇಕು. ಈಗ ಕಡ್ಡಿಯ ಮೇಲೆ ಎರಡು ಕುಣಿಕೆಗಳಿರುತ್ತವೆ. ನೂಲನ್ನು ಮತ್ತೊಮ್ಮೆ ಬಳಸಿ ಅವೆರಡರಿಂದಲೂ ಒಟ್ಟಿಗೆ ಎಳೆದರೆ ಮೂಲ ಹೊಲಿಗೆ ಸಿದ್ಧ. ಸಾಲೊಂದಕ್ಕೆ ಇಂತಹವು 15. ಕೊನೆಯಲ್ಲಿ ಒಂದು ಕೊಂಡಿ ಹಾಕಿ, ಹೆಣಿಗೆಯನ್ನು ತಿರುಗಿಸಿ, ಮುಂದಿನ ಸಾಲನ್ನು ಆರಂಭಿಸಬೇಕು.

ಹೊಸಬರು ಬಹುಮಟ್ಟಿಗೆ ಸಾಲಿನ ಕೊನೆಯ ಹೊಲಿಗೆಯನ್ನು ಬಿಟ್ಟುಬಿಡುತ್ತಾರೆ. ಚೌಕವಾಗಬೇಕಾದುದು ಕ್ರಮೇಣ ತ್ರಿಕೋನವಾಗುತ್ತದೆ. ಪ್ರತಿ ಸಾಲನ್ನೂ ಎಣಿಸುವುದೇ ಇದಕ್ಕೆ ಮದ್ದು. ಎಣಿಕೆ ತಪ್ಪಿದರೂ ನಷ್ಟವಿಲ್ಲ. ಈ ಹೊಲಿಗೆಯಲ್ಲಿ ತೆರೆದಿರುವುದು ಒಂದೇ ಕುಣಿಕೆಯಾದ್ದರಿಂದ, ಕಡ್ಡಿಯನ್ನು ತೆಗೆದು ನೂಲನ್ನೆಳೆದರೆ ತಪ್ಪಿದ ಸ್ಥಳದವರೆಗೆ ಬಿಚ್ಚಿಕೊಳ್ಳುತ್ತದೆ; ನೂಲು ಹಾಗೆಯೇ ಉಳಿಯುತ್ತದೆ. ನಗೆಪಾಟಲಾಗುವ ಭಯದಿಂದ ಹೊಸತನ್ನು ಕಲಿಯಲು ಹಿಂಜರಿಯುವ ಪ್ರಾಯಸ್ಥರಿಗೆ, ತಪ್ಪಿಗೆ ದಂಡ ವಿಧಿಸದ ಇಂತಹ ವಿದ್ಯೆ ಧೈರ್ಯ ಕೊಡುತ್ತದೆ.

ಆರೋಗ್ಯದ ವಿಷಯದಲ್ಲಿ ಅತಿಶಯೋಕ್ತಿ ಸಲ್ಲದು. 2020ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಸಮೀಕ್ಷೆಗೆ ಉತ್ತರಿಸಿದ 8 ಸಾವಿರಕ್ಕೂ ಮಿಕ್ಕಿದ ಕ್ರೋಶಾ ಹವ್ಯಾಸಿಗಳಲ್ಲಿ ಬಹುಪಾಲು ಜನರು ಹೆಣಿಗೆಯಿಂದ ಮನಸ್ಸು ಶಾಂತವಾಗುವುದೆಂದು ತಿಳಿಸಿದ್ದರು. ಆದರೆ ಉತ್ತರಿಸಿದವರೆಲ್ಲರೂ ಹೆಣಿಗೆಯನ್ನು ಮೊದಲೇ ಮೆಚ್ಚಿದವರು ಎಂಬುದನ್ನು ಮರೆಯಲಾಗದು. ಇದನ್ನು ಔಷಧಕ್ಕೆ ಬದಲಿಯೆಂದು ಭಾವಿಸಬಾರದು. ಅರ್ಧ ಗಂಟೆಗೊಮ್ಮೆ ಕತ್ತನ್ನೂ ಬೆರಳುಗಳನ್ನೂ ಸಡಿಲಿಸಬೇಕು, ಮಣಿಕಟ್ಟು ನೋಯತೊಡಗಿದರೆ ನಿಲ್ಲಿಸಬೇಕು, ಒಳ್ಳೆಯ ಬೆಳಕಿರಬೇಕು.

ಇದೆಲ್ಲವನ್ನೂ ಚಿತ್ರ ನೋಡಿಯೂ ಕಲಿಯಬಹುದು. ಆದರೆ ನೂಲನ್ನು ಎಷ್ಟು ಬಿಗಿ ಹಿಡಿಯಬೇಕೆಂಬುದನ್ನು ಪಕ್ಕದಲ್ಲಿ ಕುಳಿತ ಅಜ್ಜಿಯ ಬೆರಳು ಸರಿಪಡಿಸಿದಷ್ಟು ಬೇಗ ಚಿತ್ರ ಸರಿಪಡಿಸಲಾರದು. ಮೇಲಾಗಿ, ಮನೆಯ ಹೊರಗೆ ಕನ್ನಡ ಕೇಳದ ಮೊಮ್ಮಕ್ಕಳ ಕಿವಿಗೆ ಆ ಒಂದು ಗಂಟೆ ‘ಬಳಸು, ಎಳೆ, ಎಣಿಸು’ ಎಂಬ ಮಾತುಗಳು ಕೈಕೆಲಸದೊಡನೆ ಬೀಳುತ್ತವೆ. ವಾರದ ದಿನಗಳಲ್ಲಿ ಬೀಗ ಬಿದ್ದಿರುವ ಸಂಘದ ಕೊಠಡಿಯನ್ನು ಒಂದು ಮಧ್ಯಾಹ್ನ ತೆರೆಯುವುದು ಯಾವ ಕಾರ್ಯಕಾರಿ ಸಮಿತಿಗೂ ಹೊರೆಯಾಗಲಾರದು.